ಅಕ್ವೇರಿಯಂ ಫಿಲ್ಟರಿನಲ್ಲಿ ಬಿಳಿ ಹುಳು: ಹೆದರಬೇಕಾದದ್ದು ಹುಳುವಿಗಲ್ಲ



ಪರಊರಿನ ಫ್ಲ್ಯಾಟಿನಲ್ಲಿ ನಾಯಿ ಸಾಕಿದರೆ ಸೊಸೈಟಿಯವರ ಕಿರಿಕಿರಿ, ಬೆಕ್ಕು ಸಾಕಿದರೆ ಮನೆ ಮಾಲೀಕರ ತಕರಾರು. ಹಾಗಾಗಿ ಮಕ್ಕಳ ಹಟಕ್ಕೆ ಕೊನೆಗೆ ಮನೆಗೆ ಬರುವುದು ಮೀನಿನ ತೊಟ್ಟಿ. ಮುಂಬೈಯವರು ಕುರ್ಲಾಕ್ಕೋ ಕ್ರಾಫರ್ಡ್ ಮಾರ್ಕೆಟ್ಟಿಗೋ ಹೋಗುತ್ತಾರೆ, ಚೆನ್ನೈಯವರು ಕೊಳತ್ತೂರಿಗೆ. ನಾಲ್ಕು ಗಪ್ಪಿ, ಎರಡು ಮೋಲಿ, ಒಂದು ಗೋಲ್ಡ್ ಫಿಶ್, ಜೊತೆಗೊಂದು ಫಿಲ್ಟರ್. ಮೊದಲ ಮೂರು ತಿಂಗಳು ಎಲ್ಲವೂ ಚೆಂದ. ಆಮೇಲೆ ಒಂದು ಭಾನುವಾರ ಫಿಲ್ಟರ್ ಬಿಚ್ಚಿ ಸ್ಪಾಂಜು ಹಿಂಡುತ್ತೀರಿ. ಕಂದು ಕೆಸರಿನ ಜೊತೆ ಕೂದಲೆಳೆಯಂಥ ಬಿಳಿ ಹುಳುಗಳು ಹೊರಬಂದು ಬಕೆಟ್ಟಿನಲ್ಲಿ ನುಲಿಯುತ್ತವೆ.

ಊರಿಂದ ಬಂದ ಅಜ್ಜಿ ಇದನ್ನು ನೋಡಿದರೆ ಮುಗಿಯಿತು. "ಅಯ್ಯೋ ಜಂತುಹುಳು! ಮಕ್ಕಳು ಕೈ ಹಾಕೋ ನೀರು, ಮೊದಲು ಇದನ್ನ ಹೊರಗೆ ಹಾಕ್ರೋ" ಎನ್ನುತ್ತಾರೆ. ಮನೆಯವರು ಹೆದರಿ ಫಿಲ್ಟರಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುತ್ತಾರೆ, ನೀರನ್ನೆಲ್ಲ ಚೆಲ್ಲುತ್ತಾರೆ, ಮಕ್ಕಳಿಗೆ ಒಂದೊಂದು ಹುಳುವಿನ ಮಾತ್ರೆ ನುಂಗಿಸುತ್ತಾರೆ. ಮೂರ್ನಾಲ್ಕು ದಿನಕ್ಕೆ ಮೀನುಗಳು ಒಂದೊಂದಾಗಿ ಸಾಯುತ್ತವೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು: "ನೋಡಿ, ಹುಳುವಿನಿಂದ ಸತ್ತವು."

ಹುಳುವಿನಿಂದಲ್ಲ, ಆ ತೊಳೆಯುವಿಕೆಯಿಂದ. ಇಂದಿನ ಲೇಖನ ಅದರ ಬಗ್ಗೆ. ಜೊತೆಗೆ, ಅಕ್ವೇರಿಯಂ ನೀರಿನಿಂದ ಮನುಷ್ಯರಿಗೆ ನಿಜಕ್ಕೂ ಬರಬಹುದಾದ, ಆದರೆ ಹುಳುವಿಗೆ ಸಂಬಂಧವೇ ಇಲ್ಲದ ಒಂದು ಚರ್ಮದ ಕಾಯಿಲೆಯ ಬಗ್ಗೆ. ಮನೆಯಲ್ಲಿ ಅಕ್ವೇರಿಯಂ ಇರುವವರು ಆ ಭಾಗವನ್ನು ಬಿಡದೆ ಓದಿ.

*ಈ ಹುಳು ಯಾವುದು?*

ಫಿಲ್ಟರಿನ ಕೆಸರಿನಲ್ಲಿ ಸಿಗುವ ತೆಳ್ಳನೆಯ ಬಿಳಿ ಹುಳು ಬಹುಪಾಲು ಎರೆಹುಳುವಿನ ಸಣ್ಣ ನೆಂಟ. ಎರೆಹುಳುವಿನ ಹಾಗೆಯೇ ಮೈಯೆಲ್ಲ ಉಂಗುರ ಉಂಗುರ, ಆದರೆ ಅದು ಕಾಣಬೇಕಾದರೆ ಭೂತಗನ್ನಡಿ ಬೇಕು. ತೋಟದಲ್ಲಿ ಎರೆಹುಳು ಏನು ಮಾಡುತ್ತದೋ ಅದನ್ನೇ ಇದು ನೀರಿನಡಿ ಮಾಡುತ್ತದೆ: ಮೀನಿನ ಹಿಕ್ಕೆ, ತಿನ್ನದೆ ಉಳಿದ ಕಾಳು, ಕೊಳೆತ ಎಲೆ ಇವನ್ನೇ ತಿಂದು ಬದುಕುತ್ತದೆ. ಮೀನನ್ನು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಿಜ ಹೇಳಬೇಕೆಂದರೆ ಮೀನೇ ಇದನ್ನು ಹಿಡಿದು ತಿನ್ನುತ್ತದೆ. ಅಂಗಡಿಯಿಂದ ತಂದ ಗಿಡದ ಬೇರಿಗೋ ಬಸವನಹುಳುವಿಗೋ ಅಂಟಿಕೊಂಡು ಮನೆಗೆ ಬಂದಿರುತ್ತದೆ.

ನಾಲ್ಕೈದು ಹುಳು ಎಲ್ಲ ತೊಟ್ಟಿಯಲ್ಲೂ ಇರುತ್ತವೆ, ನಮಗೆ ಕಾಣುವುದಿಲ್ಲ ಅಷ್ಟೇ. ನೂರಾರು ಕಂಡರೆ ಅಡಿಯಲ್ಲಿ ಅವಕ್ಕೆ ಭರ್ಜರಿ ಊಟ ಸಿಗುತ್ತಿದೆ ಎಂದರ್ಥ. ಅಂದರೆ ಮೀನಿಗೆ ಹಾಕುವ ಕಾಳು ಹೆಚ್ಚಾಗಿದೆ. ಹುಳುಗಳು ಕಲ್ಲಿನ ಸಂದಿ ಬಿಟ್ಟು ಗಾಜಿನ ಮೇಲೆ ಹತ್ತಿ ಬರುತ್ತಿದ್ದರೆ ಅಡಿಯಲ್ಲಿ ಆಮ್ಲಜನಕ ಕಡಿಮೆಯಾಗಿರುವ ಸಾಧ್ಯತೆಯೂ ಇದೆ. ಬೇಸಿಗೆಯಲ್ಲಿ ಹೀಗಾಗುವುದು ಹೆಚ್ಚು, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮೇ ತಿಂಗಳಲ್ಲಿ ದೆಹಲಿ, ಹೈದರಾಬಾದಿನ ಮನೆಗಳಲ್ಲಿ ಗಾಳಿಯ ಪಂಪು ನಿಲ್ಲಿಸಲೇಬೇಡಿ.

*ಜಂತುಹುಳು ಅಲ್ಲ*

ಅಜ್ಜಿಯ ಭಯಕ್ಕೆ ಕಾರಣವಿದೆ, ನೋಡಲು ಹಾಗೇ ಕಾಣುತ್ತದೆ. ಆದರೆ ನಮ್ಮ ಮಕ್ಕಳ ಹೊಟ್ಟೆಯ ಜಂತುಹುಳು, ಕೊಕ್ಕೆಹುಳುಗಳ ದಾರಿಯೇ ಬೇರೆ. ಅವು ಮನುಷ್ಯರ ಮಲ ಸೇರಿದ ಮಣ್ಣಿನಿಂದ, ತೊಳೆಯದ ಸೊಪ್ಪು ತರಕಾರಿಯಿಂದ, ಉಗುರಿನ ಕೊಳೆಯಿಂದ, ಬರಿಗಾಲಿನ ಓಡಾಟದಿಂದ ಬರುತ್ತವೆ. ಫಿಲ್ಟರಿನ ಹುಳುವಿಗೆ ನಮ್ಮ ಕರುಳಿನಲ್ಲಿ ಬದುಕಲು ಬರುವುದಿಲ್ಲ. ಅಕಸ್ಮಾತ್ ಮಗು ಒಂದು ಗುಟುಕು ತೊಟ್ಟಿಯ ನೀರು ಕುಡಿದರೂ ಹುಳುವಿಗೆ ಹೆದರಬೇಕಿಲ್ಲ. ಆ ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಭೇದಿ, ವಾಂತಿ, ಜ್ವರ ಆಗಬಹುದು, ಅದನ್ನು ಎರಡು ಮೂರು ದಿನ ಗಮನಿಸಿ, ಕಂಡರೆ ಡಾಕ್ಟರ ಬಳಿ ಹೋಗಿ.

ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಅದನ್ನು ತಪ್ಪಿಸಬೇಡಿ. ಅದು ಮಣ್ಣಿನಿಂದ ಬರುವ ಹುಳುವಿಗೆ. ಅಕ್ವೇರಿಯಂ ನೋಡಿ ಗಾಬರಿಯಾಗಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸುವ ಅಗತ್ಯವಿಲ್ಲ. ಅದೇ ಮಾತ್ರೆಯನ್ನು ಪುಡಿ ಮಾಡಿ ತೊಟ್ಟಿಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಸಾವಿರ ಹುಳು ಒಟ್ಟಿಗೆ ಸತ್ತರೆ ಅವು ಅಲ್ಲೇ ಕೊಳೆತು ನೀರು ವಿಷವಾಗುತ್ತದೆ. ಹುಳುವಿಗಿಂತ ಮೊದಲು ಮೀನು ಹೋಗುತ್ತದೆ.

*ನಿಜವಾಗಿ ಎಚ್ಚರ ಬೇಕಾದದ್ದು: ಕೈಯ ಗಾಯ*

ಅಕ್ವೇರಿಯಂ ನೀರಿನಲ್ಲಿ, ಕಾಯಿಲೆಯ ಮೀನಿನ ಮೈಯಲ್ಲಿ, ಫಿಲ್ಟರಿನ ಲೋಳೆಯಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಇರಬಹುದು. ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿದ್ದರೂ ಇರಬಹುದು. ಇದು ಟಿಬಿ ರೋಗಾಣುವಿನ ನೆಂಟ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಅಕ್ವೇರಿಯಂನ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಮನುಷ್ಯರ ಚರ್ಮಕ್ಕೂ ಇದು ಬರುತ್ತದೆ ಎಂದು 1951ರಲ್ಲಿ ಸ್ವೀಡನ್ನಿನ ಈಜುಕೊಳವೊಂದರ ಪ್ರಕರಣಗಳಿಂದ ಗೊತ್ತಾಯಿತು. ಈಗ ಹೆಚ್ಚಾಗಿ ಕಾಣುವುದು ಮನೆಯಲ್ಲಿ ಮೀನು ಸಾಕುವವರಲ್ಲಿ, ಮೀನಿನ ಕೆಲಸ ಮಾಡುವವರಲ್ಲಿ.

ಆಗುವುದು ಹೀಗೆ. ಬೆರಳಿನಲ್ಲಿ ಚಿಕ್ಕ ಗಾಯ, ತರಕಾರಿ ಹೆಚ್ಚುವಾಗ ತಗಲಿದ ಕೊಯ್ತವೋ ಉಗುರಿನ ಪಕ್ಕದ ಸಿಬಿರೋ ಇರುತ್ತದೆ. ಆ ಕೈಯಲ್ಲೇ ಫಿಲ್ಟರ್ ತೊಳೆಯುತ್ತೀರಿ. ಎರಡರಿಂದ ನಾಲ್ಕು ವಾರ ಏನೂ ಇಲ್ಲ, ಕೆಲವರಿಗೆ ತಿಂಗಳುಗಳೇ ಆಗಬಹುದು. ಆಮೇಲೆ ಬೆರಳಿನ ಮೇಲೋ ಕೈಯ ಹಿಂಭಾಗದಲ್ಲೋ ಕೆಂಪಗೆ, ಒಮ್ಮೊಮ್ಮೆ ನೇರಳೆ ಬಣ್ಣದ ಒಂದು ಗಂಟು ಏಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಜ್ವರವೂ ಇರುವುದಿಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಂಟು ವಾಸಿಯಾಗದೆ ಹುಣ್ಣಾಗುತ್ತದೆ, ಕೆಲವೊಮ್ಮೆ ಮುಂಗೈಯಿಂದ ಮೊಣಕೈಯ ಕಡೆಗೆ ಸಾಲಾಗಿ ಇನ್ನೂ ಎರಡು ಮೂರು ಗಂಟು ಬರುತ್ತವೆ. ಅಷ್ಟು ಹೊತ್ತಿಗೆ ಫಿಲ್ಟರ್ ತೊಳೆದದ್ದು ಯಾರಿಗೂ ನೆನಪಿರುವುದಿಲ್ಲ. ಡಾಕ್ಟರಿಗೂ ಹೇಳುವುದಿಲ್ಲ. ಅವರು ಕುರು ಎಂದು ಸಾಮಾನ್ಯ ಮಾತ್ರೆ ಬರೆಯುತ್ತಾರೆ, ಕಡಿಮೆಯಾಗುವುದಿಲ್ಲ. ಹೀಗೇ ತಿಂಗಳುಗಳು ಹೋಗುತ್ತವೆ.

ಹೇಳಬೇಕಾದ ಒಂದೇ ಮಾತು: "ಡಾಕ್ಟ್ರೇ, ಮನೆಯಲ್ಲಿ ಅಕ್ವೇರಿಯಂ ಇದೆ, ನಾನೇ ತೊಳೆಯುತ್ತೇನೆ." ಈ ಒಂದು ವಾಕ್ಯದಿಂದ ಇಡೀ ತಪಾಸಣೆಯ ದಾರಿ ಬದಲಾಗುತ್ತದೆ. ಕಾರಣ ಇದೆ. ಈ ಬ್ಯಾಕ್ಟೀರಿಯಾಕ್ಕೆ ನಮ್ಮ ದೇಹದ 37 ಡಿಗ್ರಿ ಬಿಸಿ ಹಿಡಿಸುವುದಿಲ್ಲ, ಸುಮಾರು 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೇ ತಂಪಾಗಿರುವ ಬೆರಳು, ಕೈಗಳನ್ನೇ ಹಿಡಿಯುತ್ತದೆ. ಲ್ಯಾಬಿನವರು ಮಾಮೂಲಿನಂತೆ 37 ಡಿಗ್ರಿಯಲ್ಲಿ ಮಾತ್ರ ಬೆಳೆಸಿ ನೋಡಿದರೆ "ಏನೂ ಇಲ್ಲ" ಎಂಬ ರಿಪೋರ್ಟ್ ಬರಬಹುದು. ಅಕ್ವೇರಿಯಂ ವಿಷಯ ಗೊತ್ತಿದ್ದರೆ ಡಾಕ್ಟರು ಕಡಿಮೆ ಉಷ್ಣತೆಯಲ್ಲಿ ಪರೀಕ್ಷಿಸಲು ಮೊದಲೇ ತಿಳಿಸುತ್ತಾರೆ.

ಸಮಾಧಾನದ ಸಂಗತಿಯೂ ಇದೆ. ಇದು ಅಪರೂಪದ ಕಾಯಿಲೆ, ಔಷಧಿಯಿಂದ ವಾಸಿಯಾಗುತ್ತದೆ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಔಷಧಿ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ನಡುವೆ ಬಿಡಬಾರದು. ಸ್ಟೆರಾಯ್ಡ್ ಬೆರೆತ ಮುಲಾಮನ್ನು ನೀವೇ ತಂದು ಹಚ್ಚಿದರೆ ಸೋಂಕು ಹೆಚ್ಚಾಗಬಹುದು. ಮನೆಯಲ್ಲಿ ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದರೆ ತೊಟ್ಟಿ ತೊಳೆಯುವ ಕೆಲಸ ಅವರಿಗೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರು ಕೈಗವಸು ಹಾಕದೆ ಮುಟ್ಟಬಾರದು.

*ಹಾಗಾದರೆ ಫಿಲ್ಟರ್ ತೊಳೆಯುವುದು ಹೇಗೆ?*

ತೊಳೆಯುವ ಮುನ್ನ ಒಂದು ವಿಷಯ ತಿಳಿದುಕೊಳ್ಳಿ. ಫಿಲ್ಟರ್ ಬರೀ ಕಸ ಹಿಡಿಯುವ ಜರಡಿಯಲ್ಲ. ಮೀನಿನ ಹಿಕ್ಕೆಯಿಂದ, ಉಸಿರಾಟದಿಂದ ನೀರಿಗೆ ಅಮೋನಿಯಾ ಸೇರುತ್ತದೆ, ಅದು ಮೀನಿಗೆ ವಿಷ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಒಳ್ಳೆಯ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಸ್ಪಾಂಜನ್ನು ಬಿಳಿ ಬರುವವರೆಗೆ ತಿಕ್ಕಿದಿರಾ, ಆರು ವಾರದ ಕೆಲಸ ಐದು ನಿಮಿಷದಲ್ಲಿ ಹೋಯಿತು. ನಮ್ಮ ಹೆಣ್ಣುಮಕ್ಕಳಿಗೆ ಯಾವುದನ್ನೂ ಅರ್ಧಂಬರ್ಧ ತೊಳೆದು ಅಭ್ಯಾಸವಿಲ್ಲ. ಆದರೆ ಇಲ್ಲಿ ಅರ್ಧಂಬರ್ಧವೇ ಸರಿ.

ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತು ಬಿಡಿ. ನೀರಿನೊಳಗಿನ ಅಗ್ಗದ ಮೋಟಾರುಗಳ ವೈರ್ ಸವೆದು ಶಾಕ್ ಹೊಡೆಯಬಹುದು. ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ಹಾಕಿಕೊಳ್ಳಿ. ತೊಟ್ಟಿಯಿಂದ ಕಾಲು ಭಾಗ ನೀರನ್ನು ಪೈಪಿನಿಂದ ಬಕೆಟ್ಟಿಗೆ ಇಳಿಸಿ, ಇಳಿಸುವಾಗಲೇ ಕಲ್ಲಿನ ಸಂದಿಯ ಕಸವನ್ನೂ ಎಳೆಯಿರಿ. ಪೈಪನ್ನು ಬಾಯಲ್ಲಿಟ್ಟು ಎಳೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಇವತ್ತಿಗೇ ಬಿಡಿ. ಒತ್ತಿದರೆ ನೀರೆಳೆಯುವ ರಬ್ಬರ್ ಉಂಡೆಯ ಪೈಪು ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಪೈಪಿನ ತುಂಬ ನೀರು ತುಂಬಿಸಿ ಬೆರಳಿನಿಂದ ಮುಚ್ಚಿ ಕೆಳಗಿಳಿಸಿ. ಬಕೆಟ್ಟಿನಲ್ಲಿರುವ ಆ ಹಳೆ ನೀರಿನಲ್ಲೇ ಸ್ಪಾಂಜನ್ನು ನಾಲ್ಕೈದು ಬಾರಿ ಹಿಂಡಿ. ಹುಳುಗಳ ದೊಡ್ಡ ಪಾಲು ಅಲ್ಲೇ ಉದುರುತ್ತದೆ. ಸ್ಪಾಂಜು ಕಂದಾಗಿಯೇ ಉಳಿಯಲಿ. ಎರಡು ಸ್ಪಾಂಜಿದ್ದರೆ ಈ ವಾರ ಒಂದು, ಎರಡು ವಾರ ಬಿಟ್ಟು ಇನ್ನೊಂದು.

ಹೊಸ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯೇ ನೋಡಿ ನಿಧಾನವಾಗಿ ಸುರಿಯಿರಿ. ಕೊಳೆ ನೀರನ್ನು ಬಾಲ್ಕನಿಯ ದಾಸವಾಳಕ್ಕೋ ಕ್ರೋಟನ್‌ಗೋ ಹಾಕಿ, ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನದ ಕುಂಡಕ್ಕೆ ಬೇಡ. ಈ ಬಕೆಟ್ಟು, ಮಗ್ಗು, ಪೈಪು ಬೇರೆಯೇ ಇರಲಿ. ಅಡುಗೆಮನೆಯ ಸಿಂಕಿನಲ್ಲಿ, ಪಾತ್ರೆ ತಿಕ್ಕುವ ಜಾಗದಲ್ಲಿ ಫಿಲ್ಟರ್ ತೊಳೆಯುವುದು ಎಷ್ಟೇ ಅನುಕೂಲವಾದರೂ ಸಲ್ಲದು. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ.

ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಿ ತೊಟ್ಟಿ ತಿಕ್ಕುವವರಿಗೆ ವಿಶೇಷ ಸೂಚನೆ: ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಣ್ಣುರಿ, ಕೆಮ್ಮು, ಉಸಿರುಕಟ್ಟು. ಅಸ್ತಮಾ ಇರುವವರಿಗೆ ಆಸ್ಪತ್ರೆಯೇ ಗತಿ. ಜಿರಲೆ ಸ್ಪ್ರೇಯನ್ನೂ ತೊಟ್ಟಿಯ ಹತ್ತಿರ ಹೊಡೆಯಬೇಡಿ. ಅದರ ಔಷಧ ಮೀನಿಗೆ ಕಡು ವಿಷ, ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ಮೊದಲಿನಂತೆ ಮುಷ್ಟಿಗಟ್ಟಲೆ ಕಾಳು ಸುರಿದರೆ ಹುಳು ಮತ್ತೆ ಬರುತ್ತದೆ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು, ದಿನಕ್ಕೆ ಒಂದೋ ಎರಡೋ ಸಲ ಹಾಕಿ. ವಾರಕ್ಕೊಂದು ದಿನ ಉಪವಾಸ. ನಮ್ಮ ಏಕಾದಶಿಯಂತೆ ಅವಕ್ಕೂ ಇರಲಿ, ದೊಡ್ಡ ಮೀನಿಗೆ ಏನೂ ತೊಂದರೆಯಿಲ್ಲ. ಕಾಳು ಹಾಕುವುದು ಮನೆಯಲ್ಲಿ ಒಬ್ಬರದೇ ಕೆಲಸವಾಗಲಿ. ಅಪ್ಪ ಬೆಳಗ್ಗೆ, ಮಗಳು ಶಾಲೆಯಿಂದ ಬಂದು, ಅಜ್ಜ ಸಂಜೆ ಹೀಗೆ ಮೂವರೂ ಹಾಕುವ ಮನೆಗಳಲ್ಲೇ ಹುಳು ಹೆಚ್ಚು. ಹೊಟ್ಟೆಗೆ ಬಿದ್ದದ್ದು ಕಡಿಮೆಯಾದಂತೆ ಹುಳುಗಳು ಕೆಲವೇ ವಾರಗಳಲ್ಲಿ ತಾವಾಗಿ ಇಳಿಯುತ್ತವೆ.

*ಬೇರೆ ಹುಳುಗಳೂ ಇವೆ*

ಗಾಜಿನ ಮೇಲೆ ನುಲಿಯದೆ ಜಾರುತ್ತಾ ಹೋಗುವ, ಬಾಣದ ತುದಿಯಂಥ ತಲೆ ಮತ್ತು ಎರಡು ಕಣ್ಣಿನ ಚುಕ್ಕೆ ಇರುವ ಚಪ್ಪಟೆ ಹುಳು ಕಂಡರೆ ಅದು ಪ್ಲನೇರಿಯಾ. ನಮಗೆ ತೊಂದರೆಯಿಲ್ಲ, ಆದರೆ ಮೀನಿನ ಮೊಟ್ಟೆಯನ್ನೂ ಸಣ್ಣ ಸಿಗಡಿಯನ್ನೂ ಬಿಡುವುದಿಲ್ಲ. ಬೆರಳಿನಿಂದ ಉಜ್ಜಿ ತುಂಡು ಮಾಡಬೇಡಿ, ಒಂದೊಂದು ತುಂಡೂ ಒಂದೊಂದು ಹುಳುವಾಗುತ್ತದೆ. ಚಿಕ್ಕ ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಒಳಗೆ ಎರಡು ಕಾಳು ಮೀನಿನ ಆಹಾರ ಹಾಕಿ ರಾತ್ರಿ ತೊಟ್ಟಿಯ ಅಡಿಯಲ್ಲಿಡಿ. ಬೆಳಗ್ಗೆ ಬಾಟಲಿಯೊಳಗೆ ಸಾಲಾಗಿ ಸಿಕ್ಕಿಬಿದ್ದಿರುತ್ತವೆ. ಮಾಂಸದ ತುಂಡು ಇಡಿ ಎಂದು ಹೇಳುವವರಿದ್ದಾರೆ, ಸಸ್ಯಾಹಾರಿ ಮನೆಯವರು ಅಷ್ಟು ಕಷ್ಟಪಡಬೇಕಿಲ್ಲ. ಪ್ಲನೇರಿಯಾಕ್ಕೆಂದು ಮಾರುವ ಕೆಲವು ಪುಡಿಗಳಲ್ಲಿರುವುದು ನಮ್ಮ ಅಡಿಕೆಯ ಸಾರ! ಅಡಿಕೆಯ ಅರೆಕೊಲಿನ್ ಹುಳುಗಳ ನರವನ್ನು ಹಿಡಿಯುತ್ತದೆ, ಹಿಂದೆ ನಾಯಿಗಳ ಲಾಡಿಹುಳುವಿಗೂ ಅದನ್ನು ಕೊಡುತ್ತಿದ್ದರು. ಹಾಗೆಂದು ಊರಿಂದ ತಂದ ಅಡಿಕೆ ಹೋಳನ್ನು ತೊಟ್ಟಿಗೆ ಎಸೆಯಬೇಡಿ. ಪ್ರಮಾಣ ತಪ್ಪಿದರೆ ಬೇರೆ ಜೀವಗಳೂ ಸಾಯುತ್ತವೆ.

ಮೀನಿನ ಗುದದ್ವಾರದಿಂದಲೇ ಕೆಂಪು ದಾರದಂತೆ ಹುಳು ನೇತಾಡುತ್ತಿದ್ದರೆ ಅದು ಬೇರೆ ಕಥೆ. ಮೀನಿನ ಕರುಳಿನ ಪರಾವಲಂಬಿ ಅದು, ಗಪ್ಪಿಗಳಲ್ಲಿ ಕಾಣುವಂಥದ್ದು. ಆ ಮೀನನ್ನು ಬೇರೆ ಮಾಡಿ, ಮೀನಿನ ಔಷಧ ತಿಳಿದ ಪಶುವೈದ್ಯರನ್ನು ಕೇಳಿ.

ಇನ್ನು ಕೆಂಪು ಹುಳು. ಮುಚ್ಚಳವಿಲ್ಲದ ತೊಟ್ಟಿಗೆ ಕಚ್ಚದ ಒಂದು ಬಗೆಯ ನುಸಿ ಬಂದು ಮೊಟ್ಟೆಯಿಟ್ಟರೆ ಕೆಂಪು ಮರಿಗಳಾಗುತ್ತವೆ. ನಮ್ಮ ರಕ್ತದಲ್ಲಿರುವಂತೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಆ ಬಣ್ಣ. ಇದೇ ಮರಿಗಳನ್ನು ಒಣಗಿಸಿ ಮೀನಿನ ಆಹಾರವೆಂದು ಡಬ್ಬಿಯಲ್ಲಿ ಮಾರುತ್ತಾರೆ. ಆ ಡಬ್ಬಿ ತೆರೆದ ಕೂಡಲೇ ನಿಮಗೋ ಮಗುವಿಗೋ ಸೀನು, ಕಣ್ಣು ತುರಿಕೆ, ಉಬ್ಬಸ ಬರುತ್ತಿದ್ದರೆ ಅದು ಅಲರ್ಜಿ, ಆ ಆಹಾರವನ್ನೇ ಬದಲಿಸಿ. ಜೀವಂತ ಟ್ಯೂಬಿಫೆಕ್ಸ್ ಹುಳುವನ್ನಂತೂ ತರಬೇಡಿ ಎನ್ನುವುದು ನನ್ನ ಸಲಹೆ, ಅದು ಬೆಳೆಯುವುದೇ ಚರಂಡಿಯಂಥ ಕೊಳೆ ನೀರಿನಲ್ಲಿ.

ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಮರಿ ಉಳಿಯುವುದಿಲ್ಲ, ಗಪ್ಪಿ ತಿಂದು ಹಾಕುತ್ತದೆ. ಅಪಾಯ ಇರುವುದು ಪಕ್ಕದ ಬಕೆಟ್ಟಿನಲ್ಲಿ. ಕ್ಲೋರಿನ್ ಹೋಗಲಿ ಎಂದು ಬಾಲ್ಕನಿಯಲ್ಲಿ ನೀರು ತುಂಬಿಟ್ಟು ಮರೆಯುತ್ತೇವಲ್ಲ, ಡೆಂಗಿಯ ಸೊಳ್ಳೆಗೆ ಬೇಕಾದದ್ದು ಅಂಥ ತಿಳಿನೀರೇ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಒಂದು ರಾತ್ರಿಗಿಂತ ಹೆಚ್ಚು ನಿಲ್ಲದಿರಲಿ, ಮೇಲೆ ಬಟ್ಟೆ ಕಟ್ಟಿ. ಕೆಟ್ಟುಹೋಗಿ ಮೂಲೆಗಿಟ್ಟ ಹಳೆ ಫಿಲ್ಟರಿನೊಳಗೆ ನಿಂತ ನೀರನ್ನೂ ಚೆಲ್ಲಿ ಒಣಗಿಸಿ.

*ಊರಿಗೆ ಹೋಗುವಾಗ*

ನಮ್ಮಂಥವರ ಮನೆಯ ಅಕ್ವೇರಿಯಂ ಕೆಡುವುದು ಹೆಚ್ಚಾಗಿ ದಸರಾ ರಜೆಯಲ್ಲಿ ಮತ್ತು ಮೇ ತಿಂಗಳಲ್ಲಿ. ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ಗ್ಯಾಸು ಆಫ್, ನಲ್ಲಿ ಆಫ್, ಕೊನೆಗೆ ಮೇನ್ ಸ್ವಿಚ್ಚೂ ಆಫ್. ಫಿಲ್ಟರಿನ ಹರಿವು ನಿಂತರೆ ಸ್ಪಾಂಜಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಉಸಿರು ಸಿಗದೆ ಸಾಯತೊಡಗುತ್ತವೆ. ಹಾಲಿನ ಒಂದು ಎಂಸಿಬಿ ಮಾತ್ರ ಆನ್ ಇಟ್ಟು ಉಳಿದವನ್ನು ಇಳಿಸಿ. ಹಿಂತಿರುಗಿದಾಗ ಫಿಲ್ಟರ್ ನಿಂತಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಹಾಗೇ ಚಾಲೂ ಮಾಡಬೇಡಿ, ಒಳಗಿನ ವಿಷವೆಲ್ಲ ತೊಟ್ಟಿಗೆ ಬರುತ್ತದೆ. ಬಿಚ್ಚಿ, ತೊಳೆದು, ಕಾಲು ಭಾಗ ನೀರು ಬದಲಿಸಿ, ಆಮೇಲೆ ಹಾಕಿ. ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮರುದಿನವೂ ಕಾಲು ಭಾಗ ಬದಲಿಸಿ. ಅಂಗಡಿಯಲ್ಲಿ ಅಮೋನಿಯಾ ಪರೀಕ್ಷೆಯ ಕಿಟ್ ಸಿಗುತ್ತದೆ, ಅಮೋನಿಯಾ ಸೊನ್ನೆ ತೋರಿಸುವವರೆಗೆ ಕಾಳು ಅತಿ ಕಡಿಮೆ ಹಾಕಿ.

ಪಕ್ಕದ ಮನೆಯ ಮಾವ್ಶಿಗೋ ಆಂಟಿಗೋ ಕೀಲಿ ಕೊಟ್ಟು ಹೋಗುವವರು ಕಾಳಿನ ಡಬ್ಬಿ ಕೊಡಬೇಡಿ. ಪಾಪ, "ಮೀನು ಹಸಿದಿದೆ" ಎಂದು ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕುತ್ತಾರೆ, ನೀವು ಬರುವ ಹೊತ್ತಿಗೆ ಗಾಜಿನ ತುಂಬ ಹುಳು. ಕುಂಕುಮದ ಪೊಟ್ಟಣದಂತೆ ಕಾಗದದಲ್ಲಿ ಒಂದೊಂದು ಚಿಟಿಕೆ ಕಾಳು ಕಟ್ಟಿ, ಮೇಲೆ ತಾರೀಕು ಬರೆದು ಕೊಡಿ. ಹತ್ತು ದಿನದ ರಜೆಗೆ ಐದು ಪೊಟ್ಟಣ ಸಾಕು. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೊರಡಿ.